ಅಜ್ಜಿಯ 19 ಸೀರೆ, 3 ಪುಸ್ತಕ, 7 ಭಾನುವಾರ

ಅಜ್ಜಿಯ ಕಬ್ಬಿಣದ ಬೀರುವಿನಲ್ಲಿ 19 ರೇಷ್ಮೆ ಸೀರೆ ಇದ್ದವು. ಅಜ್ಜಿ ಹೋದ ಮೇಲೆ ಅವನ್ನು ಮೂರು ಮನೆಯ ಹೆಣ್ಣುಮಕ್ಕಳಿಗೆ ಹಂಚೋದು ಅಂತ ತೀರ್ಮಾನವಾಯಿತು. ಹಂಚುವ ಮುಂಚೆ, ಎಲ್ಲವೂ ಒಂದೇ ಕಡೆ ಇರುವಾಗಲೇ ಫೋಟೋ ತೆಗೆದು, ಒಂದೊಂದು ಸೀರೆಯ ಕತೆ ಬರೆದು, ಮನೆಗೊಂದರಂತೆ ಪುಸ್ತಕ ಮಾಡಿಕೊಡು ಅಂತ ಅತ್ತೆ ನನಗೆ ಹೇಳಿದರು. ಅವರು ಹಾಕಿದ ಷರತ್ತು ಒಂದೇ. "ಬಣ್ಣ ಸರಿಯಾಗಿ ಬರ್ಬೇಕು ಕಣೋ. ಬಣ್ಣ ಬರ್ಲಿಲ್ಲ ಅಂದ್ರೆ ಅದು ಅಮ್ಮನ ಸೀರೆ ಅಲ್ಲ."

ಒಂದೆರಡು ವಾರದ ಕೆಲಸ ಅಂದುಕೊಂಡಿದ್ದೆ. ಏಳು ಭಾನುವಾರ ಹಿಡಿಯಿತು. ಮನೆಯ ಸೀರೆ, ಹಳೇ ಫೋಟೋ, ಚಿತ್ರಪಟ ಅಂತ ಏನನ್ನಾದರೂ ಪ್ರಿಂಟ್ ಮಾಡಿಸಲು ಹೊರಟವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಪುಸ್ತಕದ ಅಳತೆ ಮೊದಲೇ ಗೊತ್ತಿತ್ತು. ಮೈಸೂರಿನ ಡಿಜಿಟಲ್ ಪ್ರೆಸ್‌ಗಳಲ್ಲಿ ಸಲೀಸಾಗಿ ಸಿಗುವ ಹಾಳೆ 12×18 ಇಂಚಿನದು. ಅದನ್ನು ನಡುವೆ ಮಡಚಿ, ಅಂಚು ಕತ್ತರಿಸಿದರೆ ಪುಟ ಸುಮಾರು 8.5×11.5 ಇಂಚು. ಸೀರೆಗೆ ಎರಡು ಪುಟ, ಮುನ್ನುಡಿಗೆ ಎರಡು, ಒಟ್ಟು 40 ಪುಟ. ಅಂದರೆ 10 ಹಾಳೆ, ಸೆಂಟರ್ ಪಿನ್.

ಸೀರೆಗಳ ಪಟ್ಟಿ ಮಾಡುವಾಗ ನಾನು "ಹಸಿರು 1, ಹಸಿರು 2, ಹಸಿರು 3" ಅಂತ ಬರೆದಿದ್ದೆ. ಅತ್ತೆ ನೋಡಿದವರೇ ಪೆನ್ನು ಕಿತ್ತುಕೊಂಡು ಹೊಡೆದು ಹಾಕಿದರು. ಗಿಣಿ ಹಸಿರು, ಬಾಟಲ್ ಹಸಿರು, ರಾಮಾ ಬಣ್ಣ. ಆಮೇಲೆ ಮಿಕ್ಕಿದ್ದನ್ನೂ ತಾವೇ ಬರೆದರು: ಮಾವಿನ ಚಿಗುರು, ಈರುಳ್ಳಿ ಸಿಪ್ಪೆ, ಬದನೆಕಾಯಿ, ಅಡಿಕೆ, ನವಿಲು ಕತ್ತು, ಎಂಎಸ್ ಬ್ಲೂ, ರಾಣಿ ಪಿಂಕ್. ಆ ಪಟ್ಟಿಯನ್ನು ಕೊನೆಯವರೆಗೂ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ಮೊದಲ ಎರಡು ಭಾನುವಾರ: ಬೆಳಕು

ಮೊದಲ ದಿನ ರೂಮಿನಲ್ಲಿ ಎಲ್‌ಇಡಿ ಬಲ್ಬ್ ಹಾಕಿ ಫೋಟೋ ತೆಗೆದೆ. ಕೆಂಪು ಸೀರೆಗಳೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ತಪ್ಪು ಕ್ಯಾಮೆರಾದ್ದಲ್ಲ. ಬಲ್ಬ್ ಡಬ್ಬದ ಮೇಲೆ ಸಿಆರ್‌ಐ 80 ಅಂತ ಇರುತ್ತದಲ್ಲ, ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ, ಅದು ಎಂಟು ತಿಳಿ ಬಣ್ಣಗಳ ಮೇಲೆ ಹಾಕಿದ ಸರಾಸರಿ. ಆಳವಾದ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಬೆಳಕಿನಲ್ಲೇ ಇಲ್ಲದ ಕೆಂಪನ್ನು ಸೀರೆ ಎಲ್ಲಿಂದ ವಾಪಸ್ ಕೊಡುತ್ತದೆ?

ಅತ್ತೆಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಅಂಗಡಿ ಲೈಟಲ್ಲಿ ನೋಡಿ ಯಾರಾದ್ರೂ ಸೀರೆ ತಗೋತಾರೇನೋ? ಬಾಗಿಲ ಹತ್ರ ತಂದು ಬಿಸಿಲಿಗೆ ಹಿಡಿದು ನೋಡ್ಬೇಕು" ಅಂದರು. ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ ಆಗಿಬಿಡುತ್ತವೆ. ಇದಕ್ಕೆ ಮೆಟಮೆರಿಸಂ ಅಂತ ಹೆಸರು. ಅಜ್ಜಿಯ ಕಾಲದಿಂದಲೂ ಹೆಂಗಸರು ಬ್ಲೌಸ್ ಪೀಸ್ ಹೊಂದಿಸಲು ಅಂಗಡಿಯಿಂದ ಬೀದಿಗೆ ಬಂದು ನೋಡುತ್ತಿದ್ದದ್ದು ಇದೇ ಕಾರಣಕ್ಕೆ.

ಹಾಗಾಗಿ ತೊಟ್ಟಿಗೆ ಬಂದೆ. ನಮ್ಮದು ಹಳೇ ತೊಟ್ಟಿ ಮನೆ. ಬೆಳಗ್ಗೆ 9.30ರಿಂದ 11ರವರೆಗೆ ನೇರ ಬಿಸಿಲು ಬೀಳದೆ ಮೇಲಿನಿಂದ ಮೆತ್ತನೆ ಬೆಳಕು ಇಳಿಯುತ್ತದೆ. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಬೇಕಾ ಅನ್ನಿಸಿತು. ಆದರೆ ಸಂಜೆ ಕಂಪ್ಯೂಟರ್‌ನಲ್ಲಿ ನೋಡಿದರೆ ಪ್ರತಿ ಸೀರೆಯ ಕೆಳಗಿನ ಅರ್ಧಕ್ಕೆ ಕೆಂಪು ಛಾಯೆ. ಈರುಳ್ಳಿ ಸಿಪ್ಪೆ ಬಣ್ಣದ ಸೀರೆ ಮೇಲ್ಗಡೆ ಒಂದು, ಕೆಳಗಡೆ ಇನ್ನೊಂದು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ನೆಲ! ರೆಡ್ ಆಕ್ಸೈಡ್ ನೆಲ, 70 ವರ್ಷ ತಿಕ್ಕಿ ತಿಕ್ಕಿ ಕನ್ನಡಿಯಂತಾಗಿದೆ. ಬೆಳಕು ಅದಕ್ಕೆ ಬಡಿದು ಕೆಂಪಾಗಿ ಮೇಲೇಳುತ್ತಿತ್ತು.

ಮುಂದಿನ ಭಾನುವಾರ ನೆಲದ ತುಂಬಾ ಬಿಳಿ ಪಂಚೆ ಹಾಸಿದೆ. ಛಾಯೆ ಹೋಯಿತು. ಪಂಚೆ ಹೇಗೂ ಬಿಳಿ, ಅದನ್ನೇ ತೋರಿಸಿ ವೈಟ್ ಬ್ಯಾಲೆನ್ಸ್ (ಬಿಳಿ ಯಾವುದು ಅಂತ ಕ್ಯಾಮೆರಾಗೆ ಹೇಳಿಕೊಡುವುದು) ಮಾಡೋಣ ಅನ್ನಿಸಿತು. ಅದು ಮಾಡಬಾರದ ಕೆಲಸ. ಪಂಚೆಗೆ ನೀಲಿ ಹಾಕಿರುತ್ತಾರೆ, ಸೋಪಿನ ಪುಡಿಯಲ್ಲೂ ಬಿಳಿ ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಅದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಅಂಥ ಪಂಚೆಯನ್ನು ಬಿಳಿ ಅಂತ ನಂಬಿದರೆ ಮಿಕ್ಕಿದ್ದೆಲ್ಲ ಹಳದಿಗೆ ತಿರುಗುತ್ತದೆ. ಅದಕ್ಕೆ ಗ್ರೇ ಕಾರ್ಡ್, ಅಂದರೆ ಯಾವ ಛಾಯೆಯೂ ಇಲ್ಲದ ಬೂದು ಹಾಳೆ, ಬಳಸಿದೆ. ಜೊತೆಗೆ ಗೆಳೆಯನೊಬ್ಬನಿಂದ 24 ಬಣ್ಣದ ಚೌಕಗಳಿರುವ ಕಲರ್ ಚಾರ್ಟ್ ತಂದು, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸೀರೆ ಪಕ್ಕ ಇಟ್ಟು ಒಂದು ಫೋಟೋ ತೆಗೆದೆ. ಮೋಡ ಬಂದು ಹೋದರೂ ಲೆಕ್ಕ ಸಿಗಬೇಕಲ್ಲ.

ಜರಿಯ ಬಗ್ಗೆ ಒಂದು ಮಾತು. ಹೊಳಪು ಕಡಿಮೆ ಮಾಡೋಣ ಅಂತ ಲೆನ್ಸ್‌ಗೂ ದೀಪಕ್ಕೂ ಪೋಲರೈಸರ್ ಹಾಕಿ ನೋಡಿದೆ. ರೇಷ್ಮೆ ಚೆನ್ನಾಗಿಯೇ ಬಂತು, ಆದರೆ ಜರಿ ಸತ್ತು ಹೋಯಿತು. ಸಾಸಿವೆ ಬಣ್ಣದ ಪಟ್ಟಿಯಂತೆ ಕಂಡಿತು. ಚಿನ್ನದ ಬಣ್ಣ ಅಂತ ಬೇರೆ ಏನೂ ಇಲ್ಲ. ಹಳದಿ ಮಿಶ್ರಿತ ಕಂದು, ಅದರ ಪಕ್ಕದಲ್ಲೇ ಮಿಂಚುವ ತಿಳಿ, ಇವೆರಡರ ನಡುವಿನ ಜಿಗಿತವನ್ನೇ ಕಣ್ಣು ಚಿನ್ನ ಅನ್ನುತ್ತದೆ. ಪೋಲರೈಸರ್ ತೆಗೆದು, ತೊಟ್ಟಿಯ ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬೀಳುವ ಹಾಗೆ ಸೀರೆ ತಿರುಗಿಸಿದೆ. ಜರಿ ಜೀವ ಪಡೆಯಿತು.

ಮೂರನೇ ಭಾನುವಾರ: ಪರದೆ

ನನ್ನ ಲ್ಯಾಪ್‌ಟಾಪ್ ಪರದೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬರುವಂಥದ್ದು, ವಿವರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಬರೆದಿರುತ್ತಾರೆ, ಹಳೇ ಟಿವಿ ಮಾನದಂಡದ ಲೆಕ್ಕ ಅದು. ಸಾಮಾನ್ಯ ಪರದೆಗಳ ಬಣ್ಣದ ಮಾನದಂಡವಾದ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲು ಬಣ್ಣವನ್ನೂ ಅದು ತೋರಿಸುವುದಿಲ್ಲ. ಅದರ ಮೇಲೆ ಬಣ್ಣ ತಿದ್ದಲು ಕೂತರೆ ಕತ್ತಲಲ್ಲಿ ರಂಗೋಲಿ ಹಾಕಿದ ಹಾಗೆ. ತಮ್ಮನ ಮಾನಿಟರ್ ತಂದೆ, ಅದು ಎಸ್‌ಆರ್‌ಜಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತೋರಿಸುತ್ತದೆ. ಪರದೆ ಮೇಲಿಟ್ಟು ಅಳೆಯುವ ಕಲರಿಮೀಟರನ್ನು ಎರವಲು ತಂದೆ.

ಅರ್ಧ ಗಂಟೆ ಮಾನಿಟರ್ ಉರಿಸಿಟ್ಟು, ಡಿಸ್‌ಪ್ಲೇಕ್ಯಾಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ಅಳೆದೆ. ಬಿಳಿಗೆ ಡಿ65 (ಹಗಲು ಬೆಳಕಿನ ಬಿಳಿ), ನಡುವಿನ ಛಾಯೆಗಳ ಹೊಳಪು ಹೇಗೆ ಏರಬೇಕು ಅನ್ನುವ ಗಾಮಾ 2.2. ಹೊಳಪು ಚದರ ಮೀಟರಿಗೆ 250 ಕ್ಯಾಂಡೆಲಾ ಹತ್ತಿರ ಇತ್ತು. ಅದನ್ನು 100ಕ್ಕೆ ಇಳಿಸಿದೆ. "ಪ್ರಿಂಟ್ ಕಪ್ಪಾಗಿ ಬಂತು" ಅನ್ನುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ "ಮಾನಿಟರ್ ಬೆಳ್ಳಗೆ ಉರಿಯುತ್ತಿತ್ತು" ಅನ್ನುವ ದೂರುಗಳೇ. ಕಾಗದಕ್ಕೆ ಸ್ವಂತ ದೀಪ ಇಲ್ಲ, ಅಲ್ವಾ?

ನಾಲ್ಕನೇ ಭಾನುವಾರ: ಯಾರ ಮೊಳ?

ರಾ ಫೈಲುಗಳನ್ನು, ಅಂದರೆ ಕ್ಯಾಮೆರಾ ಹಿಡಿದ ಕಚ್ಚಾ ಮಾಹಿತಿಯನ್ನು, ಡಾರ್ಕ್‌ಟೇಬಲ್ ಅನ್ನುವ ಫೋಟೋ ತಂತ್ರಾಂಶದಲ್ಲಿ ತೆರೆದು, ಚಾರ್ಟ್ ಫೋಟೋದಿಂದ ಬಣ್ಣ ಹೊಂದಿಸಿ, 19 ಸೀರೆಗಳ ಪುಟ್ಟ ಪುಟ್ಟ ಚಿತ್ರಗಳನ್ನು ಒಂದೇ 12×18 ಹಾಳೆಗೆ ತುಂಬಿದೆ. ಇಡೀ ಪುಸ್ತಕ ಪ್ರಿಂಟ್ ಮಾಡಿಸುವ ಮುಂಚೆ ಒಂದೇ ಹಾಳೆಯಲ್ಲಿ ಎಲ್ಲ ಬಣ್ಣದ ಪರೀಕ್ಷೆ. ಈ ಉಪಾಯ ಮಾತ್ರ ಯಾರೂ ಬಿಡಬೇಡಿ. ಒಂದು ಹಾಳೆಯ ದುಡ್ಡಿನಲ್ಲಿ ಎಲ್ಲ ತಪ್ಪೂ ಗೊತ್ತಾಗುತ್ತದೆ.

ಫೈಲನ್ನು ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿ ಪೆನ್‌ಡ್ರೈವ್‌ನಲ್ಲಿ ಪ್ರೆಸ್‌ಗೆ ಕೊಟ್ಟೆ. ಹಾಳೆ ಕೈಗೆ ಬಂದಾಗ ಹೊಟ್ಟೆ ಉರಿಯಿತು. 19 ಸೀರೆಯೂ ಮಂಕು. ಗಿಣಿ ಹಸಿರು ಒಣಗಿದ ಬಾಳೆ ಎಲೆಯಂತಿತ್ತು. ಪ್ರೆಸ್ ಹುಡುಗ "ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತೆ ಸಾರ್" ಅಂದ. ಮನೆಗೆ ಬಂದು ಫೈಲ್ ನೋಡಿದೆ. ಹಾಳೆ ಜೋಡಿಸಿ ಕೊನೆಗೆ ಉಳಿಸುವಾಗ ಪ್ರೊಫೈಲ್ ಸೇರಿಸುವ ಆಯ್ಕೆಯನ್ನು ನಾನೇ ತೆಗೆದುಬಿಟ್ಟಿದ್ದೆ.

ಇದನ್ನು ಅತ್ತೆಗೆ ಹೇಗೆ ಬಿಡಿಸಿ ಹೇಳೋದು ಅಂತ ಯೋಚಿಸಿದಾಗ ದೇವರಾಜ ಮಾರ್ಕೆಟ್ ಹೂವಿನ ಸಾಲು ನೆನಪಾಯಿತು. ಮಲ್ಲಿಗೆ ಹತ್ತು ಮೊಳ ಅನ್ನುತ್ತೇವೆ. ಯಾರ ಮೊಳ? ಹೂವಿನವಳ ಕೈ ಚಿಕ್ಕದಿದ್ದರೆ ಹೂವೂ ಕಡಿಮೆ. ಲೆಕ್ಕ ಹತ್ತೇ, ಉದ್ದ ಮಾತ್ರ ಬೇರೆ. ಕಂಪ್ಯೂಟರ್ ಬಣ್ಣವೂ ಹೀಗೇ. "ಹಸಿರು 200" ಅನ್ನುವುದು ಮೊಳದ ಲೆಕ್ಕ. ಯಾವ ಹಸಿರಿನ 200 ಅಂತ ಹೇಳುವುದೇ ಕಲರ್ ಸ್ಪೇಸ್. ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟವು, ಆಗಿನ ಸಾಮಾನ್ಯ ಟ್ಯೂಬ್ ಮಾನಿಟರ್‌ಗಳ ಬಣ್ಣಕ್ಕೆ ಹೊಂದುವ ಹಾಗೆ. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವಾಯಿತು. 1998ರ ಅಡೋಬಿ ಆರ್‌ಜಿಬಿಯ ಹಸಿರು ಅದಕ್ಕಿಂತ ಬಹಳ ಗಾಢ. ನನ್ನ ಫೈಲಿನ ಸಂಖ್ಯೆಗಳು ಉದ್ದ ಕೈಯ ಮೊಳದಲ್ಲಿದ್ದವು. ಯಾರ ಕೈ ಅಂತ ಬರೆದ ಚೀಟಿ ಬಿದ್ದುಹೋಗಿತ್ತು. ಚೀಟಿ ಇಲ್ಲದ ಫೈಲನ್ನು ಪ್ರೆಸ್‌ನ ಯಂತ್ರ ಎಸ್‌ಆರ್‌ಜಿಬಿ ಅಂತ ತಿಳಿದು ಗಿಡ್ಡ ಕೈಯಲ್ಲಿ ಅಳೆದುಕೊಟ್ಟಿತು.

ಆ ಚೀಟಿಯೇ ಐಸಿಸಿ ಪ್ರೊಫೈಲ್. 1993ರಲ್ಲಿ ಎಂಟು ಕಂಪನಿಗಳು ಸೇರಿ ಶುರು ಮಾಡಿದ ಒಕ್ಕೂಟದ ಹೆಸರು ಅದಕ್ಕೆ. ಒಂದು ಸಾಧನದ ಸಂಖ್ಯೆಯನ್ನು ಇನ್ನೊಂದು ಸಾಧನಕ್ಕೆ ನೇರವಾಗಿ ತಿರುಗಿಸುವುದಿಲ್ಲ. ಮೊದಲು ಮನುಷ್ಯನ ಕಣ್ಣಿನ ಅಳತೆಗೆ ತರುತ್ತಾರೆ, ಅಲ್ಲಿಂದ ಇನ್ನೊಂದಕ್ಕೆ. ಆ ನಡುವಿನ ಅಳತೆಯೇ ಎಕ್ಸ್‌ವೈಜೆಡ್ ಅಥವಾ ಲ್ಯಾಬ್. ಲ್ಯಾಬ್‌ನಲ್ಲಿ ಎಲ್ ಅಂದರೆ ಎಷ್ಟು ಬೆಳಗಿದೆ ಅನ್ನುವುದು, 0ಯಿಂದ 100. ಎ ಅಂದರೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು. ಬಿ ಅಂದರೆ ಹಳದಿ ಮತ್ತು ನೀಲಿ. ಇದು ಯಾರ ಕೈಗೂ ಸೇರದ ಮೀಟರ್ ಕಡ್ಡಿ.

ಪ್ರೊಫೈಲ್ ಸೇರಿಸಿ ಅದೇ ಹಾಳೆಯನ್ನು ಮತ್ತೆ ಪ್ರಿಂಟ್ ಮಾಡಿಸಿದೆ. 14 ಸೀರೆ ಅತ್ತೆಯಿಂದ ಪಾಸಾದವು. ಐದು ಆಗಲಿಲ್ಲ.

ಐದನೇ ಭಾನುವಾರ: ರಾಮಾ ಬಣ್ಣ, ರಾಣಿ ಪಿಂಕ್

ಕಲರ್ ಚಾರ್ಟ್ ಕೊಟ್ಟ ಗೆಳೆಯ ಪೇಂಟ್ ಶೇಡ್ ಹೊಂದಿಸುವ ಕೆಲಸ ಮಾಡುತ್ತಾನೆ. ಅವನ ಬಳಿ ಬಣ್ಣವನ್ನು ಅಳೆದು ಸಂಖ್ಯೆಯಲ್ಲಿ ಹೇಳುವ ಸ್ಪೆಕ್ಟ್ರೋಫೋಟೋಮೀಟರ್ ಇದೆ. ಭಾನುವಾರ ಮನೆಗೆ ತಂದು, ಹಠ ಮಾಡಿದ ಐದೂ ಸೀರೆಗಳನ್ನು ಮಡಿಕೆ ಇಲ್ಲದ ಕಡೆ ನಾಲ್ಕಾಗಿ ಮಡಚಿ ಅಳೆದ. ಅದರಲ್ಲಿ ಎರಡರ ಕತೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಒಂದರ ಕತೆ ಇನ್ನೊಂದಕ್ಕೆ ಪೂರ್ತಿ ಉಲ್ಟಾ.

ರಾಮಾ ಬಣ್ಣ ಅಂದರೆ ನೀಲಿಯೂ ಅಲ್ಲ, ಹಸಿರೂ ಅಲ್ಲ. ಅಳತೆ ಬಂದದ್ದು ಎಲ್ 52, ಎ -50, ಬಿ -15. ಲೆಕ್ಕ ಹಾಕಿ ನೋಡಿದರೆ ಎಸ್‌ಆರ್‌ಜಿಬಿಯಲ್ಲಿ ಈ ಬಣ್ಣ ಬರಬೇಕಾದರೆ ಕೆಂಪನ್ನು ಸೊನ್ನೆಗಿಂತ ಕೆಳಗೆ ಇಳಿಸಬೇಕು. ಸೊನ್ನೆಗಿಂತ ಕಡಿಮೆ ಬೆಳಕು ಯಾವ ಪರದೆಯಲ್ಲೂ ಇಲ್ಲ. ಇದು ಹೊಸ ತೊಂದರೆಯೂ ಅಲ್ಲ. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡ್‌ನಲ್ಲಿ ರೈಟ್ ಮತ್ತು ಗಿಲ್ಡ್ ಅನ್ನುವವರು ಬೇರೆ ಬೇರೆಯಾಗಿ ಜನರನ್ನು ಕೂರಿಸಿ, ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಎದುರಿನ ಬಣ್ಣಕ್ಕೆ ಹೊಂದಿಸಲು ಹೇಳಿದರು. ನೀಲಿ-ಹಸಿರಿನ ಜಾಗ ಬಂದಾಗ ಮೂರು ಬೆಳಕಿನಿಂದ ಹೊಂದಲೇ ಇಲ್ಲ. ಕೆಂಪು ಬೆಳಕನ್ನು ಎದುರು ಪಕ್ಕಕ್ಕೆ ಸೇರಿಸಿ ಆ ಬಣ್ಣವನ್ನೇ ಕೊಂಚ ಕೆಡಿಸಿದರೆ ಮಾತ್ರ ಹೊಂದುತ್ತಿತ್ತು. ಆ ಪ್ರಯೋಗಗಳ ಅಂಕಿಗಳ ಮೇಲೆಯೇ ಸಿಐಇ ಅನ್ನುವ ಅಂತಾರಾಷ್ಟ್ರೀಯ ಸಂಸ್ಥೆಯ 1931ರ ಬಣ್ಣದ ಅಳತೆ ನಿಂತಿದೆ. ನಮ್ಮಜ್ಜಿಯ ಸೀರೆ ಸಿಕ್ಕಿಕೊಂಡದ್ದು ಸರಿಯಾಗಿ ಅದೇ ಮೂಲೆಯಲ್ಲಿ.

ಆದರೆ ಶಾಯಿ? ಪ್ರಿಂಟ್‌ಗೆ ಇರುವುದು ನಾಲ್ಕು: ಸಯಾನ್ (ತಿಳಿ ನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು. ಇವನ್ನು ಒಟ್ಟಿಗೆ ಸಿಎಂವೈಕೆ ಅನ್ನುತ್ತಾರೆ. ಪ್ರೆಸ್ ಅನುಸರಿಸುತ್ತಿದ್ದದ್ದು ಫೋಗ್ರಾ39, ಆರ್ಟ್ ಪೇಪರ್ ಮೇಲಿನ ಆಫ್‌ಸೆಟ್ ಮುದ್ರಣಕ್ಕೆ ಮಾಡಿದ ಅಳತೆ. ಅದರಲ್ಲಿ ಬರೀ ಸಯಾನ್ ಶಾಯಿಯ ಲ್ಯಾಬ್ 55, -37, -50. ಆ ಸಯಾನೇ ಎಸ್‌ಆರ್‌ಜಿಬಿಯ ಆಚೆ ಇದೆ! ಸಯಾನ್‌ಗೆ ಸ್ವಲ್ಪ ಹಳದಿ ಬೆರೆಸಿದರೆ ರಾಮಾ ಬಣ್ಣ ಸಲೀಸಾಗಿ ಬರುತ್ತದೆ. ನಾನು ಇಷ್ಟು ದಿನ ಪರದೆಯದು ದೊಡ್ಡ ಡಬ್ಬಿ, ಪ್ರಿಂಟ್‌ನದು ಚಿಕ್ಕ ಡಬ್ಬಿ, ದೊಡ್ಡದರೊಳಗೆ ಚಿಕ್ಕದು ಕೂರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಒಂದರದು ತಂಬಿಗೆ ಆಕಾರ, ಇನ್ನೊಂದರದು ತಟ್ಟೆ. ಒಟ್ಟು ಅಳತೆಯಲ್ಲಿ ಶಾಯಿಯದು ಚಿಕ್ಕದೇ, ಆದರೂ ಒಂದೆರಡು ಕಡೆ ಪರದೆಯಿಂದ ಆಚೆ ಚಾಚಿಕೊಂಡಿದೆ. ಫೋಟೋವನ್ನು ಎಸ್‌ಆರ್‌ಜಿಬಿಗೆ ತುರುಕಿ ಆಮೇಲೆ ಪ್ರೆಸ್‌ಗೆ ಕೊಡುವವರು, ಶಾಯಿಗೆ ಬರುತ್ತಿದ್ದ ಬಣ್ಣವನ್ನೂ ದಾರಿಯಲ್ಲೇ ಚೆಲ್ಲಿಬಿಡುತ್ತಾರೆ.

ಎರಡನೇ ಹಾಳೆಯಲ್ಲೂ ರಾಮಾ ಬಣ್ಣ ಕೆಟ್ಟದ್ದು ಹೀಗೇ. ಅಡೋಬಿ ಆರ್‌ಜಿಬಿಯಲ್ಲಿ ಈ ಬಣ್ಣ ಅಂಚಿನ ಒಳಗೇ ಇದೆ. ಆದರೆ ನಾನು ಎಸ್‌ಆರ್‌ಜಿಬಿ ಪರದೆ ನೋಡಿಕೊಂಡು "ಇನ್ನೂ ಸ್ವಲ್ಪ ನೀಲಿ" ಅಂತ ತಿದ್ದಿದ್ದೆ. ಆ ತಿದ್ದುಪಡಿಗಳನ್ನೆಲ್ಲ ಅಳಿಸಿದೆ. ಪರದೆ ನೋಡುವುದನ್ನು ಬಿಟ್ಟು ಸಂಖ್ಯೆ ನೋಡಿದೆ. ಚಿತ್ರದ ಲ್ಯಾಬ್ ಅಳತೆ ಸೀರೆಯ ಅಳತೆಗೆ ಹೊಂದುವವರೆಗೆ ಸರಿಪಡಿಸಿ ಪ್ರಿಂಟ್‌ಗೆ ಕೊಟ್ಟೆ. ಮಾರನೇ ದಿನ ತುಂಡು ಹಾಳೆ ತಂದು ಸೀರೆಯ ಪಕ್ಕ ತೊಟ್ಟಿಯಲ್ಲಿ ಇಟ್ಟೆ. ಪರದೆ ಮೇಲೆ ನಾನು ಒಮ್ಮೆಯೂ ನೋಡದ ಬಣ್ಣ ಕಾಗದದ ಮೇಲಿತ್ತು. ಅತ್ತೆ ಸೆರಗನ್ನು ಕಾಗದದ ಮೇಲೆ ಎಳೆದು, ತೆಗೆದು, ಮತ್ತೆ ಎಳೆದು ನೋಡಿದರು. "ಹ್ಞೂಂ. ಇದು ಅಮ್ಮಂದು" ಅಂದರು.

ಇನ್ನು ರಾಣಿ ಪಿಂಕ್. ಅಜ್ಜಿ 1958ರಲ್ಲಿ ಮದುವೆಗೆ ಉಟ್ಟಿದ್ದ ಮೈಸೂರು ಸಿಲ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆ. ಕ್ರೇಪ್ ಬಟ್ಟೆ, ನೂಲನ್ನು ಬಿಗಿಯಾಗಿ ಹೊಸೆದು ನೇಯುತ್ತಾರೆ. ಹತ್ತಿರದಿಂದ ನೋಡಿದರೆ ಮೈಯೆಲ್ಲ ಸಣ್ಣ ಸಣ್ಣ ಕಾಳಿನಂಥ ಉಬ್ಬು. ಪ್ರತಿ ಉಬ್ಬಿನ ತಲೆಯಲ್ಲೂ ಬೆಳಕಿನ ಒಂದು ಚುಕ್ಕೆ, ಬುಡದಲ್ಲಿ ಗಾಢ ಬಣ್ಣ. 60 ವರ್ಷ ದಾಟಿದರೂ ಆ ಗುಲಾಬಿ ಕಣ್ಣಿಗೆ ಹೊಡೆಯುತ್ತದೆ.

ಮಟ್ಟಸವಾದ ಜಾಗದ ಅಳತೆ ಎಲ್ 55, ಎ 81, ಬಿ -5. ಇದು ಎಸ್‌ಆರ್‌ಜಿಬಿಯ ಅಂಚಿನ ಒಳಗೇ, ಕೂದಲೆಳೆಯಷ್ಟು ಒಳಗೆ ಇದೆ. ಪರದೆ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಬೆಳಕು ಬಿದ್ದ ಮಡಿಕೆಗಳು ಮಾತ್ರ ಅಂಚು ದಾಟುತ್ತವೆ. ಅಲ್ಲಿ ಕೆಂಪು ತನ್ನ ಕೊನೆಯ ಮಿತಿ 255ಕ್ಕೆ ಹೋಗಿ ನಿಂತುಬಿಡುತ್ತದೆ. ಪಕ್ಕಪಕ್ಕದ ಚುಕ್ಕೆಗಳೆಲ್ಲ 255, 255, 255. ಕ್ರೇಪ್‌ನ ಉಬ್ಬು ಕಾಣೆಯಾಗಿ, ಬಣ್ಣದ ಪ್ಲಾಸ್ಟಿಕ್ ಹಾಳೆಯಂತೆ ನುಣ್ಣಗಾಗುತ್ತದೆ. ಅದೇ ರಾ ಫೈಲನ್ನು ಇನ್ನೂ ದೊಡ್ಡ ಕಲರ್ ಸ್ಪೇಸ್ ಆದ ಪ್ರೋಫೋಟೋ ಆರ್‌ಜಿಬಿಯಲ್ಲಿ, ಸಣ್ಣ ಸಣ್ಣ ಮೆಟ್ಟಿಲಿನ 16 ಬಿಟ್‌ನಲ್ಲಿ ತೆಗೆದಾಗ ಮಡಿಕೆಯೂ ಕಾಳೂ ವಾಪಸ್ ಬಂದವು. ಮಾಹಿತಿ ಇತ್ತು, ಇಡಲು ಜಾಗ ಇರಲಿಲ್ಲ ಅಷ್ಟೇ. ಇಷ್ಟು ದೊಡ್ಡ ಸ್ಪೇಸ್‌ನಲ್ಲಿ 8 ಬಿಟ್ ಸಾಲದು, ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ.

ಆದರೆ ಕಾಗದಕ್ಕೆ ಬಂದ ಕೂಡಲೇ ತೊಂದರೆ. ಬರೀ ಮಜೆಂಟಾ ಶಾಯಿ ಪೂರ್ತಿ ಹಾಕಿದರೆ ಫೋಗ್ರಾ39ರಲ್ಲಿ 48, 74, -3. ಸೀರೆಗೆ ಬೇಕಾದದ್ದು 55ರಷ್ಟು ಬೆಳಗು, 81ರಷ್ಟು ಗಾಢ. ಬೆಳಗು ಹೆಚ್ಚಿಸಲು ಶಾಯಿ ತೆಳು ಮಾಡಿದರೆ ಗಾಢತನ ಇನ್ನೂ ಇಳಿಯುತ್ತದೆ. ಗಾಢ ಮಾಡಿದರೆ ಕಪ್ಪಾಗುತ್ತದೆ. ಎರಡೂ ಒಟ್ಟಿಗೆ ಬೇಕು ಅಂದರೆ ಈ ನಾಲ್ಕು ಶಾಯಿಯಲ್ಲಿ ಸಾಧ್ಯವಿಲ್ಲ.

ಹಿಡಿಸದ ಬಣ್ಣವನ್ನು ಏನು ಮಾಡಬೇಕು ಅಂತ ಹೇಳುವುದೇ ರೆಂಡರಿಂಗ್ ಇಂಟೆಂಟ್. ನಾಲ್ಕಿವೆ, ಫೋಟೋಗೆ ಬೇಕಾಗುವುದು ಎರಡು. ಮದುವೆ ಮನೆಯ ಪಂಕ್ತಿ ಅಂದುಕೊಳ್ಳಿ. 40 ಎಲೆ ಹಾಕಿದ್ದಾರೆ, ಬಂದವರು 46. ಎಲ್ಲರೂ ಒಂದೊಂದು ಗೇಣು ಸರಿದು, ಒಬ್ಬರ ಪಕ್ಕ ಒಬ್ಬರು ಇದ್ದ ಹಾಗೇ ಕೂತರೆ ಅದು ಪರ್ಸೆಪ್ಚುಯಲ್. ಮೊದಲು ಕೂತವರು ಅಲ್ಲಾಡುವುದಿಲ್ಲ, ಮಿಕ್ಕ ಆರು ಜನ ಬಾಗಿಲಲ್ಲೇ ಗುಂಪಾಗಿ ನಿಂತರು ಅಂದರೆ ಅದು ರಿಲೇಟಿವ್ ಕಲರಿಮೆಟ್ರಿಕ್. ಗುಂಪಾಗಿ ನಿಂತವರೇ ನಮ್ಮ ಮಡಿಕೆಗಳು, ಎಲ್ಲ ಒಂದೇ ಬಣ್ಣಕ್ಕೆ ಅಂಟಿಕೊಂಡು ವಿವರ ಹೋಗುತ್ತದೆ. ಹಾಗಾಗಿ ಪಾಸಾಗಿದ್ದ ಸೀರೆಗಳಿಗೂ ರಾಮಾ ಬಣ್ಣಕ್ಕೂ ರಿಲೇಟಿವ್ ಇಟ್ಟು, ಪರದೆಯ ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪನ್ಸೇಷನ್ ಹಾಕಿದೆ. ರಾಣಿ ಪಿಂಕ್‌ಗೆ ಮಾತ್ರ ಪರ್ಸೆಪ್ಚುಯಲ್. ಬಣ್ಣ ಒಂದು ಮೆಟ್ಟಿಲು ಇಳಿಯಿತು, ಕ್ರೇಪ್‌ನ ಕಾಳು ಉಳಿಯಿತು. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಬಟ್ಟೆಯ ಮೈಯನ್ನೇ ಆರಿಸುತ್ತೇನೆ.

ಅತ್ತೆ ಮಾತ್ರ ಒಪ್ಪಲಿಲ್ಲ. ಏನೂ ಹೇಳಲೂ ಇಲ್ಲ. ಆ ತುಂಡನ್ನು ಪಕ್ಕಕ್ಕೆ ಸರಿಸಿಟ್ಟರು.

ಆರನೇ ಭಾನುವಾರ: ನೀಲಿ, ಕಪ್ಪು, ಕಾಗದ

ಎಂಎಸ್ ಬ್ಲೂ, ಎಂ.ಎಸ್. ಸುಬ್ಬುಲಕ್ಷ್ಮಿಯವರು ಉಡುತ್ತಿದ್ದ ನೀಲಿಯಿಂದ ಬಂದ ಹೆಸರು. ಪ್ರಿಂಟ್‌ನಲ್ಲಿ ಅದು ಬದನೆಕಾಯಿ ಕಡೆಗೆ ವಾಲಿತ್ತು. ಪ್ರಿಂಟ್‌ನಲ್ಲಿ ನೀಲಿ ಅಂದರೆ ಸಯಾನ್ ಮತ್ತು ಮಜೆಂಟಾ ಬೆರಕೆ. ಮಜೆಂಟಾ ಸ್ವಲ್ಪ ಜಾಸ್ತಿಯಾದರೂ ನೇರಳೆ. ಜೊತೆಗೆ ಲ್ಯಾಬ್‌ಗೂ ಇಲ್ಲಿ ಒಂದು ಕೊರತೆ ಇದೆ. ನೀಲಿಯ ಗಾಢತನವನ್ನು ಅದರ ಲೆಕ್ಕದಂತೆ ಇಳಿಸುತ್ತಾ ಹೋದರೆ ಕಣ್ಣಿಗೆ ನೇರಳೆಯಾಗಿ ಕಾಣುತ್ತದೆ. ಸಿಎಂವೈಕೆಗೆ ತಿರುಗಿಸಿದ ಮೇಲೆ ಆ ಸೀರೆಯ ಮಜೆಂಟಾವನ್ನು ಕೈಯಲ್ಲೇ ಇಳಿಸಿದೆ. ಸಯಾನ್‌ಗಿಂತ ಮಜೆಂಟಾ ಶೇಕಡಾ 30 ಅಂಶದಷ್ಟು ಕೆಳಗಿದ್ದಾಗ ನೀಲಿ ನೀಲಿಯಾಗಿ ನಿಂತಿತು. ಬದನೆಕಾಯಿ ಬಣ್ಣದ ಸೀರೆಗೂ ಇದೇ ಚಿಕಿತ್ಸೆ, ಕೊಂಚ ಕಡಿಮೆ ಪ್ರಮಾಣದಲ್ಲಿ. ನವಿಲು ಕತ್ತಿನ ಸೀರೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ. ತಿರುಗಿಸಿದಂತೆ ಬದಲಾಗುವುದನ್ನು ಒಂದು ಫೋಟೋದಲ್ಲಿ ಹಿಡಿಯಲು ಆಗುವುದಿಲ್ಲ, ಆದ್ದರಿಂದ ಎರಡು ಕೋನದ ಎರಡು ಫೋಟೋ ಹಾಕಿದೆ.

ಕಪ್ಪಿನ ವಿಷಯ ಕನ್ನಡದಲ್ಲಿ ಅಚ್ಚು ಹಾಕುವ ಎಲ್ಲರಿಗೂ ಬೇಕಾದದ್ದು. ಪರದೆಯ ಕಪ್ಪು ಅಕ್ಷರವನ್ನು ಹಾಗೇ ಸಿಎಂವೈಕೆಗೆ ತಿರುಗಿಸಿದರೆ ಅದು ನಾಲ್ಕೂ ಶಾಯಿಯ ಕಪ್ಪಾಗುತ್ತದೆ. ಅಮೆರಿಕದ ಮುದ್ರಣ ಮಾನದಂಡವಾದ ಸ್ವಾಪ್ ಪ್ರೊಫೈಲ್‌ನಲ್ಲಾದರೆ ಶೇಕಡಾ 75, 68, 67, 90, ಒಟ್ಟು ಶೇಕಡಾ 300 ಶಾಯಿ. ನಾಲ್ಕು ಬಣ್ಣ ಕೂದಲೆಳೆಯಷ್ಟು ಆಚೀಚೆ ಕೂತರೂ ಸಾಕು, 9 ಪಾಯಿಂಟ್ ಅಕ್ಷರದಲ್ಲಿ ಒತ್ತಕ್ಷರಗಳು ಕೆಸರಾಗುತ್ತವೆ. ನನ್ನ ಪರೀಕ್ಷೆ ಹಾಳೆಯಲ್ಲಿ "ಅಜ್ಜಿ"ಯ ಜ ಒತ್ತಿನ ಹೊಟ್ಟೆ ತುಂಬಿ, ಸುತ್ತ ಕೆಂಪು ಅಂಚು ಕಟ್ಟಿತ್ತು. ಪುಟ ಜೋಡಿಸುವ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಎಲ್ಲ ಅಕ್ಷರಕ್ಕೂ ಬರೀ ಕೆ 100, ಅಂದರೆ ಕಪ್ಪು ಶಾಯಿ ಒಂದೇ, ಕೊಟ್ಟೆ. ಮಸೂರ ಹಿಡಿದು ನೋಡಿದರೂ ಚೊಕ್ಕ.

ಕಾಗದದಲ್ಲಿ ಮತ್ತೆ ಅದೇ ಪಂಚೆ ಕತೆ. ಬೆಳ್ಳಗೆ ಹೊಳೆಯುವ ಕಾಗದಕ್ಕೂ ಬಿಳಿ ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ. ಬಾಗಿಲ ಬೆಳಕಿನಲ್ಲಿ ನೀಲಿ ಹೊಡೆಯುತ್ತದೆ, ಬಲ್ಬ್ ಕೆಳಗೆ ಇಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು 2015ರ ಫೋಗ್ರಾ51. ನಮ್ಮ ಪ್ರೆಸ್‌ನ ಯಂತ್ರ 39ಕ್ಕೇ ಹೊಂದಿಸಿದ್ದರಿಂದ ಅದನ್ನು ಬದಲಾಯಿಸಲು ಹೋಗಲಿಲ್ಲ. ಕಾಗದವನ್ನೇ ಬದಲಾಯಿಸಿದೆ. ಪ್ರೆಸ್‌ನಲ್ಲಿದ್ದ ನಾಲ್ಕು ಬಗೆಯ 170 ಜಿಎಸ್‌ಎಂ ಕಾಗದವನ್ನು ಅಂಗಡಿ ಬಾಗಿಲಿಗೆ ತಂದು, ಪಕ್ಕಪಕ್ಕ ಹಿಡಿದು, ಕಡಿಮೆ ನೀಲಿ ಇದ್ದ ಮ್ಯಾಟ್ ಆರ್ಟ್ ಪೇಪರ್ ಆರಿಸಿದೆ. ಹೊಳಪಿನ ಗ್ಲಾಸಿ ಪೇಪರ್‌ನಲ್ಲಿ ಬಣ್ಣ ಇನ್ನೂ ಗಾಢ ಬರುತ್ತಿತ್ತು ನಿಜ. ಆದರೆ ಕಿಟಕಿ ಬೆಳಕು ಪುಟದ ಮೇಲೆ ಹೊಳೆದರೆ ರೇಷ್ಮೆಯ ಹೊಳಪು ಯಾವುದು, ಕಾಗದದ ಹೊಳಪು ಯಾವುದು ಗೊತ್ತಾಗುವುದಿಲ್ಲ.

ಒಂದೊಂದು ಸೀರೆಗೆ ಒಂದೊಂದು ಥರ ತಿರುಗಿಸಿದ್ದರಿಂದ ಎಲ್ಲವನ್ನೂ ನಾನೇ ಸಿಎಂವೈಕೆಗೆ ತಂದು ಪ್ರೆಸ್‌ಗೆಂದೇ ಇರುವ ಪಿಡಿಎಫ್ ಎಕ್ಸ್-1ಎ ಮಾಡಿದೆ. ಪ್ರೆಸ್ ಹುಡುಗನ ಪಕ್ಕ ಕೂತು "ಆಟೋ ಕಲರ್ ಎಲ್ಲ ಆಫ್ ಮಾಡಪ್ಪ, ಇದ್ದದ್ದನ್ನ ಇದ್ದ ಹಾಗೇ ಹೊಡಿ" ಅಂದೆ. ಅವನು ಮೊದಲ ಹಾಳೆ ಬಂದ ಕೂಡಲೇ ನಿಲ್ಲಿಸಿ, ತಾನೇ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿದ.

ಏಳನೇ ಭಾನುವಾರ

ಮೂರೂ ಪುಸ್ತಕ ತೊಟ್ಟಿಯ ಕಟ್ಟೆ ಮೇಲಿಟ್ಟು, 19 ಸೀರೆಗಳನ್ನೂ ಒಂದೊಂದಾಗಿ ಬಿಚ್ಚಿ ಪಕ್ಕದಲ್ಲಿ ಹಿಡಿದು ನೋಡಿದೆವು. ಅತ್ತೆಯ ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಗೀಟು ಬಿತ್ತು. ರಾಣಿ ಪಿಂಕ್ ಪುಟಕ್ಕೆ ಬಂದಾಗ ನಾನೇ ಹೇಳಿದೆ. "ಅತ್ತೆ, ಇದು ಶಾಯಿಯಲ್ಲಿ ಬರಲ್ಲ. ನನ್ನ ಕೈಲಾದ್ದೆಲ್ಲ ಮಾಡಿದೀನಿ."

ಅವರು ಒಳಗೆ ಹೋಗಿ ಹೊಲಿಗೆ ಡಬ್ಬಿ ತಂದರು. ಸೀರೆಯ ಸೆರಗಿನ ಕುಚ್ಚಿನಲ್ಲಿ ಸಡಿಲಾಗಿದ್ದ ಎಳೆಗಳನ್ನು ಬೆರಳಲ್ಲಿ ಹುಡುಕಿ, ಆರು ಎಳೆ ಎಳೆದು ತೆಗೆದರು. ಎರಡೆರಡು ಎಳೆ ಸೇರಿಸಿ ಹೊಸೆದು, ಸೂಜಿಗೆ ಪೋಣಿಸಿ, ಮೂರೂ ಪುಸ್ತಕದಲ್ಲಿ ಆ ಫೋಟೋದ ಕೆಳಗೆ, ಖಾಲಿ ಬಿಟ್ಟಿದ್ದ ಬಿಳಿ ಜಾಗದಲ್ಲಿ ಒಂದೊಂದು ಉದ್ದ ಹೊಲಿಗೆ ಹಾಕಿ ಹಿಂದೆ ಗಂಟು ಕಟ್ಟಿದರು.

"ಈಗ ಬಂತು ನೋಡು" ಅಂದರು. ಪಟ್ಟಿಯ ಕೊನೆಯ ಗೀಟು ಅವರೇ ಎಳೆದರು.